ಭಾಗಮ್ಮನ ಕೆಲಸ ಸೊನ್ನೆ ಎಂದು ಬರೆದಿದ್ದೆ

ಮೂವತ್ತೊಂದು ವರ್ಷ ನಾನು ಹೈದರಾಬಾದಿನಲ್ಲಿ ಕನ್ನಡದಲ್ಲಿ ಭೌತಶಾಸ್ತ್ರ ಕಲಿಸಿದೆ. ಇದನ್ನು ಹೇಳಿದರೆ ಕೆಲವರು, ‘ಹೈದರಾಬಾದಿನಲ್ಲಿ ಕನ್ನಡ ಶಾಲೆ ಇದೆಯೇ?’ ಎಂದು ಹುಬ್ಬೇರಿಸುತ್ತಾರೆ. ಇನ್ನು ಕೆಲವರು, ‘ಭೌತಶಾಸ್ತ್ರ ಕನ್ನಡದಲ್ಲಿ ಇದೆಯೇ?’ ಎಂದು ಕೇಳುತ್ತಾರೆ. ಎರಡೂ ಇವೆ. ಎರಡೂ ಸ್ವಲ್ಪ ಸೊರಗಿವೆ, ಅಷ್ಟೇ.

ನನ್ನ ಜಾಗಕ್ಕೆ ಬಂದಿರುವ ಸವಿತಾ ಕಳೆದ ವಾರ ಫೋನು ಮಾಡಿದ್ದಳು. ಬೀದರ ಕಡೆಯ ಹುಡುಗಿ, ಚುರುಕಾಗಿದ್ದಾಳೆ. “ಮೇಡಮ್ಮಾರ, ಅಳತೆ ಮತ್ತು ಚಲನೆ ಪಾಠ ಶುರು ಮಾಡಬೇಕ್ರಿ. ಎಲ್ಲಿಂದ ಹಿಡೀಲಿ?” ಎಂದಳು. ಫೋನಿನಲ್ಲಿ ಅರ್ಧ ಗಂಟೆ ಹೇಳಿದೆ. ಇಟ್ಟ ಮೇಲೆ, ಹೇಳಬೇಕಾದದ್ದನ್ನು ಬಿಟ್ಟು ಬೇರೆಲ್ಲ ಹೇಳಿದೆನಲ್ಲ ಅನ್ನಿಸಿತು. ಮೇಷ್ಟ್ರುಗಳಿಗೆ ಇದು ಹಳೆಯ ಕಾಯಿಲೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಇಲ್ಲ. ಶಾಲುಗಳು ಕಪಾಟಿನಲ್ಲಿ ಕ್ಷೇಮವಾಗಿವೆ. ನಾನು ಎಡವಿದ್ದನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅದೇ ಉಪಯೋಗಕ್ಕೆ ಬರುವಂಥದ್ದು.

ಮೊದಲ ದಿನವೇ ಎಡವಿದೆ. ಎಂಟನೆಯ ತರಗತಿ. ಹೊಸ ಸೀರೆ, ಹೊಸ ಸೀಮೆಸುಣ್ಣ. ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ‘ರಾಶಿ’ ಎಂದು ಬರೆದು, “ರಾಶಿ ಎಂದರೇನು, ಯಾರು ಹೇಳುತ್ತೀರಿ?” ಎಂದೆ. ಅರ್ಧ ತರಗತಿ ಕೈ ಎತ್ತಿತು. ಎಂಥ ಜಾಣ ಮಕ್ಕಳು ಎಂದು ಹಿಗ್ಗಿದೆ. ಆಳಂದದ ಕಡೆಯ ಒಬ್ಬ ಎದ್ದು ನಿಂತು, “ತೊಗರಿ ರಾಶಿ ರೀ ಟೀಚರ್. ಹೋದ ವರ್ಷ ನಮ್ಮ ಕಾಕಾ ಮಷೀನಿಂದ ಮಾಡಿಸ್ಯಾನ” ಎಂದ. ಪಕ್ಕದ ಹುಡುಗಿ ಅವನನ್ನು ತಿದ್ದಿದಳು. “ಅದಲ್ರಿ, ಜಾತಕದ್ದು. ನಂದು ಕನ್ಯಾ ರಾಶಿ ಅಂತ ನಮ್ಮ ಆಯಿ ಹೇಳ್ಯಾಳ.”

ನಾನು ಸಿಟ್ಟು ಮಾಡಿಕೊಂಡೆ. ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣವೇ ರಾಶಿ ಎಂದು ಹಲಗೆಯ ತುಂಬ ಬರೆದು, ಎಲ್ಲರೂ ಐದು ಸಲ ಬರೆಯಿರಿ ಎಂದೆ. ಬರೆದರು. ಮರುದಿನ ಕೇಳಿದರೆ ಮತ್ತೆ ತೊಗರಿ, ಮತ್ತೆ ಕನ್ಯಾ. ಆ ಹುಡುಗ ಹೇಳಿದ ತೊಗರಿಯ ಗುಡ್ಡೆಯಲ್ಲೇ ದ್ರವ್ಯವೂ ಇದೆ, ಪ್ರಮಾಣವೂ ಇದೆ, ಅಲ್ಲಿಂದಲೇ ಪಾಠ ಹಿಡಿಯಬಹುದಿತ್ತು ಎಂದು ನನಗೆ ಹೊಳೆಯಲು ಆರು ವರ್ಷ ಬೇಕಾಯಿತು. ಕನ್ಯಾ ರಾಶಿಯನ್ನು ಏನು ಮಾಡಬೇಕೆಂದು ಇಂದಿಗೂ ಹೊಳೆದಿಲ್ಲ.

ಅದೇ ಹುಮ್ಮಸ್ಸಿನಲ್ಲಿ ಬೇಗಂ ಬಜಾರಿಗೂ ಹೋಗಿದ್ದೆ. ಪ್ರಯೋಗಾಲಯಕ್ಕೆ ಒಂದು ಸ್ಪ್ರಿಂಗ್ ತಕ್ಕಡಿ ಬೇಕಿತ್ತು, ಕೊಕ್ಕೆಗೆ ವಸ್ತು ತೂಗುಹಾಕಿದರೆ ಮುಳ್ಳು ಕೆಳಗಿಳಿಯುತ್ತದಲ್ಲ, ಅದು. ಅಂಗಡಿಯವರು ಹುಮನಾಬಾದಿನವರು, ಕನ್ನಡ ಮಾತಾಡಿದ್ದಕ್ಕೆ ಚಹಾ ತರಿಸಿದರು. ಚಹಾ ಕುಡಿದ ಋಣಕ್ಕೆ ನಾನು ಸುಮ್ಮನಿರಬೇಡವೇ? ಅವರ ಗಲ್ಲಾಪೆಟ್ಟಿಗೆಯ ಪಕ್ಕದ ದೊಡ್ಡ ತಕ್ಕಡಿಯನ್ನು ತೋರಿಸಿ, ಅದು ರಾಶಿಯನ್ನು ಅಳೆಯುತ್ತದೆ, ಈ ಸ್ಪ್ರಿಂಗಿನದು ತೂಕವನ್ನು ಅಳೆಯುತ್ತದೆ, ಚಂದ್ರನ ಮೇಲೆ ಹೋದರೆ ಅದು ಇಲ್ಲಿನಷ್ಟೇ ತೋರಿಸುತ್ತದೆ, ಇದು ಆರರಲ್ಲಿ ಒಂದು ಪಾಲು ತೋರಿಸುತ್ತದೆ ಎಂದು ಪೂರ್ತಿ ಪಾಠ ಒಪ್ಪಿಸಿದೆ. ಅವರು ಕೈಕಟ್ಟಿ ಕೇಳಿಸಿಕೊಂಡರು. ಕೊನೆಗೆ, “ಭಾಳ ಛಲೋ ಹೇಳಿದ್ರಿ ಟೀಚರಮ್ಮಾರ. ಚಂದ್ರನ ಮ್ಯಾಲ ದುಕಾನ ತೆಗೆದಾಗ ಯಾವ ಕಾಟಾ ಇಡಬೇಕಂತ ನಿಮ್ಮನ್ನೇ ಕೇಳತೀನಿ” ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಒಂದು ಕ್ಷಣ ತಡೆದು ನಾನೂ ನಕ್ಕೆ. ಆ ಸ್ಪ್ರಿಂಗ್ ತಕ್ಕಡಿ ಮಾತ್ರ ಗಟ್ಟಿಯಾಗಿತ್ತು, ನನಗಿಂತ ಹೆಚ್ಚು ವರ್ಷ ಬಾಳುವ ಲಕ್ಷಣವಿದೆ.

ನಮ್ಮ ಮುಖ್ಯೋಪಾಧ್ಯಾಯರು ದೇಸಾಯಿ ಸರ್. ಕುಳ್ಳನೆಯ, ಇಸ್ತ್ರಿ ಕೆಡದ ಅಂಗಿಯ ಮನುಷ್ಯ. ಹಾಜರಿ ಪುಸ್ತಕದಲ್ಲಿ ಮಕ್ಕಳ ಸಂಖ್ಯೆ ಒಂದು ಕಡಿಮೆಯಾದರೂ ಅವರಿಗೆ ಜ್ವರ ಬರುತ್ತಿತ್ತು. ಕನ್ನಡ ವಿಭಾಗದಲ್ಲಿ ಮಕ್ಕಳು ಕಡಿಮೆಯಾದರೆ ವಿಭಾಗವನ್ನೇ ಮುಚ್ಚುತ್ತಾರೆ ಎಂಬ ಭಯ ಅವರಿಗೆ. ಆ ಭಯ ಸುಳ್ಳೇನೂ ಆಗಿರಲಿಲ್ಲ.

ಒಂದು ವರ್ಷ ಅಳತೆಯ ಪಾಠಕ್ಕೆ ಮಕ್ಕಳ ಎತ್ತರ ಅಳೆಯುವ ಚಟುವಟಿಕೆ ಇಟ್ಟೆ. ಹೊಲಿಗೆ ತರಗತಿಯಿಂದ ಟೇಪು ತಂದು, ಗೋಡೆಗೆ ಒರಗಿಸಿ ನಿಲ್ಲಿಸಿ ಎಲ್ಲರನ್ನೂ ಅಳೆದೆವು. ದೇಸಾಯಿ ಸರ್ ಕೂಡ ಚಪ್ಪಲಿ ಕಳಚಿ ಬಂದು ನಿಂತರು. ನೂರ ಎಪ್ಪತ್ತೆರಡು ಸೆಂಟಿಮೀಟರು! ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. “ನೋಡ್ರಿ ಶಾಂತಾಬಾಯಿ, ಎಲ್ಲಾರೂ ನನ್ನ ಕುಳ್ಳ ಅಂತಾರ. ಅಳತಿ ಮಾಡಿ ನೋಡಿದವರು ಯಾರೂ ಇದ್ದಿಲ್ಲ” ಎಂದರು. ಆರೋಗ್ಯ ಕಾರ್ಡಿನಲ್ಲೂ ಹಾಗೇ ಬರೆಸಿದರು.

ಒಂದು ತಿಂಗಳ ನಂತರ ಹೊಲಿಗೆ ಟೀಚರು ಬಂದು, “ನಿಮ್ಮ ಹತ್ರ ಇರೋದು ಹರಿದ ಟೇಪು ರೀ, ಮೊದಲಿನ ಹತ್ತು ಸೆಂಟಿಮೀಟರ್ ಇಲ್ಲ” ಎಂದರು. ಹರಿದ ತುದಿಯನ್ನು ನೆಲಕ್ಕೆ ಇಟ್ಟು ಅಳೆದಿದ್ದೆವು, ಶಾಲೆಗೆ ಶಾಲೆಯೇ ಹತ್ತು ಸೆಂಟಿಮೀಟರ್ ಬೆಳೆದಿತ್ತು. ಮಕ್ಕಳ ಕಾರ್ಡುಗಳನ್ನೆಲ್ಲ ತಿದ್ದಿದೆವು. ಉಪಕರಣದ ಆರಂಭವೇ ತಪ್ಪಿದ್ದರೆ ಅದಕ್ಕೆ ಶೂನ್ಯ ದೋಷ ಎನ್ನುತ್ತಾರೆ ಎಂದು ಆ ಸಲ ನಾನು ಕಲಿಸಬೇಕಾಗಲೇ ಇಲ್ಲ. ದೇಸಾಯಿ ಸರ್ ಅವರ ಕಾರ್ಡನ್ನು ತಿದ್ದುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ಅವರು ನೂರ ಎಪ್ಪತ್ತೆರಡು ಸೆಂಟಿಮೀಟರಿನಲ್ಲೇ ನಿವೃತ್ತರಾದರು.

ಸವಿತಾ, ನೀನು ಕಲಿಸುವ ಕಾಲ ಬೇರೆ. ನಾವು ದಾರಕ್ಕೆ ಕಲ್ಲು ಕಟ್ಟಿ ತೂಗಾಡಿಸಿ, ಚಪ್ಪಾಳೆ ತಟ್ಟಿ ಕಾಲ ಎಣಿಸುತ್ತಿದ್ದೆವು. ನಿನ್ನ ಮಕ್ಕಳು ಫೋನಿನಲ್ಲಿ ಸೆಕೆಂಡಿನ ನೂರರಲ್ಲೊಂದು ಭಾಗವನ್ನೂ ಅಳೆದು ತೋರಿಸುತ್ತಾರೆ, ಅಳೆಯುತ್ತಿರುವುದು ಏನನ್ನು ಎಂದು ಕೇಳಿದರೆ ಆಕಾಶ ನೋಡುತ್ತಾರೆ. ದಿಲ್‌ಸುಖ್‌ನಗರದ ಟ್ಯೂಷನ್ನಿಗೆ ಹೋಗುವವರು ‘ವೆಲಾಸಿಟಿ ಅಂದ್ರ ಡೈರೆಕ್ಷನ್ ಇರೋ ಸ್ಪೀಡು’ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಮನೆಯಲ್ಲಿ ನಮ್ಮ ಮಾತು. ಇದರ ನಡುವೆ ನಾವು ಸ್ಪೀಡಿನ ಜವ ಬೇರೆ, ವೆಲಾಸಿಟಿಯ ವೇಗ ಬೇರೆ ಎಂದು ಹೇಳಿಕೊಡಬೇಕು. ಅದಕ್ಕೆ ನಾನು ಹೆದರಿಲ್ಲ. ಮಕ್ಕಳಿಗೆ ಗೊತ್ತಿಲ್ಲದ ಪದ ಅಷ್ಟು ಅಪಾಯಕಾರಿಯಲ್ಲ. ವೇಗೋತ್ಕರ್ಷ ಎಂದು ಮನೆಗೆ ಹೋಗಿ ಹೇಳಿದರೆ ಯಾರಿಗೂ ನೋವಾಗುವುದಿಲ್ಲ. ನನ್ನನ್ನು ಕೆಡವಿದ್ದು ಎಲ್ಲರಿಗೂ ಗೊತ್ತಿರುವ ಪದ: ಕೆಲಸ.

ಉಪ್ಪಲ್‌ನಲ್ಲಿ ಮೆಟ್ರೋ ಕಂಬಗಳು ಎದ್ದು, ಅವುಗಳ ಬೆನ್ನಿಗೇ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಾಲ. ಯಾದಗಿರಿ, ಶಹಾಪುರದ ಕಡೆಯಿಂದ ಕುಟುಂಬಕ್ಕೆ ಕುಟುಂಬವೇ ಕಟ್ಟಡದ ದುಡಿಮೆಗೆ ಬಂದು, ಮಕ್ಕಳನ್ನು ನಮ್ಮ ಶಾಲೆಗೆ ಹಾಕಿದ್ದರು. ಒಂಬತ್ತನೆಯ ತರಗತಿಯಲ್ಲಿ ರೇಣುಕಾ ಎಂಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಮುಂದು, ಮಾತಿನಲ್ಲಿ ಇನ್ನೂ ಮುಂದು.

ಆ ವರ್ಷ ತರಬೇತಿಯಲ್ಲಿ ನಮಗೆ, ಪಾಠದ ಉದಾಹರಣೆಗಳು ಮಕ್ಕಳ ಬದುಕಿಗೆ ಹತ್ತಿರವಿರಲಿ ಎಂದು ಮೂರು ದಿನ ಹೇಳಿದ್ದರು. ಪುಸ್ತಕದಲ್ಲಿ ಒಬ್ಬ ಹಮಾಲಿ ತಲೆಯ ಮೇಲೆ ಪೆಟ್ಟಿಗೆ ಹೊತ್ತು ರೈಲ್ವೆ ನಿಲ್ದಾಣದಲ್ಲಿ ನಡೆಯುತ್ತಾನೆ. ನಾನು ಅವನನ್ನು ತೆಗೆದು, ಕಟ್ಟಡದಲ್ಲಿ ಮಾಲು, ಅಂದರೆ ಕಲಸಿದ ಸಿಮೆಂಟು, ತಲೆಯ ಮೇಲೆ ಹೊತ್ತು ನಡೆಯುವ ಹೆಂಗಸನ್ನು ತಂದು ನಿಲ್ಲಿಸಿದೆ. ಬಲ ಮೇಲ್ಮುಖವಾಗಿದೆ, ನಡಿಗೆ ಮುಂದಕ್ಕಿದೆ, ಬಲದ ದಿಕ್ಕಿನಲ್ಲಿ ಬುಟ್ಟಿ ಸರಿದಿಲ್ಲ. ಹಾಗಾದರೆ ಅವಳು ಮಾಡಿದ ಕೆಲಸ ಎಷ್ಟು?

“ಸೊನ್ನೆ!” ಎಂದು ತರಗತಿ ಕೂಗಿತು.

“ಶಹಬಾಸ್” ಎಂದೆ. ಹಲಗೆಯ ಮೇಲೆ ‘ಕೆಲಸ = 0’ ಎಂದು ಬರೆದು ಸುತ್ತ ಒಂದು ಚೌಕವನ್ನೂ ಹಾಕಿದೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ದೇಸಾಯಿ ಸರ್ ಕೋಣೆಯ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಕೂದಲಲ್ಲಿ ಸಿಮೆಂಟಿನ ಧೂಳು, ಕೈಯಲ್ಲಿ ಯಾರಿಂದಲೋ ಬರೆಸಿ ಹೆಬ್ಬೆಟ್ಟು ಒತ್ತಿದ ಅರ್ಜಿ. ರೇಣುಕಾಳ ತಾಯಿ ಭಾಗಮ್ಮ. ಪಕ್ಕದಲ್ಲಿ ರೇಣುಕಾ ಅತ್ತು ಕೆಂಪಾಗಿ ನಿಂತಿದ್ದಳು.

“ಈಕೀದು ಟಿಸಿ ಕೊಡ್ರಿ ಸಾಹೇಬ್ರ” ಎಂದಳು ಭಾಗಮ್ಮ.

ದೇಸಾಯಿ ಸರ್‌ಗೆ ಜ್ವರ ಏರುವುದು ಕಾಣುತ್ತಿತ್ತು. ರೇಣುಕಾ ಬಿಟ್ಟರೆ ಅವಳ ಚಿಕ್ಕಪ್ಪ, ದೊಡ್ಡಪ್ಪಂದಿರ ಆರು ಮಕ್ಕಳೂ ಬಿಡುತ್ತಾರೆ. “ಯಾಕವಾ, ಏನಾತು?” ಎಂದರು.

“ನಿನ್ನೆ ಮನೀಗೆ ಬಂದು ಒಂದು ಕೊಡ ನೀರು ತುಂಬವಾ, ದಿನಾ ಪೂರಾ ಕೆಲಸ ಮಾಡಿ ಬಂದೀನಿ ಅಂದೆ. ಈಕಿ ಏನಂದಳು ಗೊತ್ತೇನ್ರಿ? ನೀ ಮಾಡೂದು ಕೆಲಸನೇ ಅಲ್ಲ, ಅದು ಸೊನ್ನಿ, ನಮ್ಮ ಟೀಚರ್ ಬೋರ್ಡಿನ ಮ್ಯಾಲ ಬರದಾರ ಅಂದಳು.” ಅವಳ ದನಿ ಏರಿರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. “ನಾ ಸಾಲಿ ಕಲಿತಿಲ್ಲ. ಅವ್ವನ ದುಡಿಮಿ ಸೊನ್ನಿ ಅಂತ ಕಲಿಸೂ ಸಾಲಿ ಮಗಳಿಗೂ ಬ್ಯಾಡ.”

ದೇಸಾಯಿ ಸರ್ ನನ್ನ ಕಡೆ ನೋಡಿದರು. “ಶಾಂತಾಬಾಯಿ, ತಪ್ಪಾತು ಅಂದುಬಿಡ್ರಿ” ಎಂದು ಪಿಸುಗುಟ್ಟಿದರು.

ಅನ್ನಬಹುದಿತ್ತು. ಆದರೆ ಇಪ್ಪತ್ತು ವರ್ಷ ಕಲಿಸಿದ ಜಂಬ ಎಲ್ಲಿ ಹೋಗಬೇಕು? “ಭಾಗಮ್ಮಾ, ಅದು ನೀವು ತಿಳಿದ ಕೆಲಸ ಅಲ್ಲ. ವಿಜ್ಞಾನದಲ್ಲಿ ಕೆಲಸ ಅಂದರೆ ಬಲ ಗುಣಿಸು ಸ್ಥಾನಪಲ್ಲಟ...” ಎಂದು ಶುರು ಮಾಡಿದೆ. ಅವಳು ಬೇಗಂ ಬಜಾರಿನ ಅಂಗಡಿಯವರಂತೆ ಕೈಕಟ್ಟಿ ಕೇಳಿಸಿಕೊಂಡಳು. ಮುಗಿದ ಮೇಲೆ ಸುತ್ತ ನೋಡಿದಳು. ಮೂಲೆಯಲ್ಲಿ ಮಧ್ಯಾಹ್ನದ ಊಟದ ಅಕ್ಕಿ ಚೀಲ ಇತ್ತು, ಸುಮಾರು ಹದಿನೈದು ಕಿಲೋ ಉಳಿದಿರಬಹುದು. ಭುಜದ ಮೇಲಿನ ವಸ್ತ್ರ ತೆಗೆದು ಸಿಂಬಿ ಸುತ್ತಿ ನನ್ನ ತಲೆಯ ಮೇಲೆ ಇಟ್ಟಳು.

“ಇದನ್ನ ಹೊತ್ಕೊಂಡು ಗೇಟಿನ ತನಕ ಹೋಗಿ ಬರ್ರಿ ಟೀಚರ್. ನೆಲ ಸಪಾಟ ಐತಿ. ಬಂದ ಮ್ಯಾಲ ಕೆಲಸ ಐತೋ ಇಲ್ಲೋ ಹೇಳ್ರಿ.”

ಬೇಡ ಎನ್ನುವಷ್ಟರಲ್ಲಿ ಚೀಲ ತಲೆಯ ಮೇಲಿತ್ತು. ನಡೆದೆ. ಕಿಟಕಿ ಕಿಟಕಿಯಲ್ಲೂ ಮಕ್ಕಳ ತಲೆಗಳು. ಹತ್ತು ಹೆಜ್ಜೆಗೆ ಕುತ್ತಿಗೆ ಹೆಗಲೊಳಗೆ ಇಳಿಯಿತು. ಇಪ್ಪತ್ತಕ್ಕೆ ಕಣ್ಣಿಗೆ ಬೆವರು. ದೇಸಾಯಿ ಸರ್ ಎರಡೂ ಕೈ ಚಾಚಿಕೊಂಡು ನನ್ನ ಹಿಂದೆಯೇ ಬರುತ್ತಿದ್ದರು. ನಾನು ಬಿದ್ದರೆ ಹಿಡಿಯಲು ಎಂದುಕೊಂಡು ಕೃತಜ್ಞಳಾಗಿದ್ದೆ. “ಅಕ್ಕಿ ಜ್ವಾಕಿರಿ, ಅಕ್ಕಿ” ಎಂದಾಗ ತಿಳಿಯಿತು. ಗೇಟು ಮುಟ್ಟಿ ವಾಪಸು ಬಂದು ಚೀಲ ಇಳಿಸಿದೆ.

“ಕೆಲಸ ಆತೋ ಇಲ್ರಿ?”

“ಆಯಿತು ಭಾಗಮ್ಮಾ.”

“ಹಂಗಾರ ಬೋರ್ಡಿನ ಮ್ಯಾಲ ಬರೀರಿ.”

ಅಲ್ಲಿ ಸಿಕ್ಕಿಕೊಂಡೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದರೆ ಸೊನ್ನೆ ಎಂದು ಬರೆದವರಿಗೇ ಅಂಕ. ಸೊನ್ನೆ ಎನ್ನದಿದ್ದರೆ ಮಕ್ಕಳಿಗೆ ಮೋಸ, ಸೊನ್ನೆ ಎಂದರೆ ಈ ತಾಯಿಗೆ ಅವಮಾನ. “ಶನಿವಾರದ ತನಕ ಸಮಯ ಕೊಡಿ. ಆಮೇಲೂ ಟಿಸಿ ಬೇಕೆಂದರೆ ನಾನೇ ಬರೆದುಕೊಡುತ್ತೇನೆ” ಎಂದೆ. ದೇಸಾಯಿ ಸರ್ ಅರ್ಜಿಯನ್ನು ಮೇಜಿನ ಖಾನೆಯಲ್ಲಿ ಹಾಕಿ ಬೀಗವನ್ನೇ ಹಾಕಿದರು.

ಶುಕ್ರವಾರ ಮಧ್ಯಾಹ್ನ ರೇಣುಕಾಳನ್ನು ಕರೆದುಕೊಂಡು ಉಪ್ಪಲ್‌ನ ಆ ಕಟ್ಟಡಕ್ಕೆ ಹೋದೆ. ಸ್ಪ್ರಿಂಗ್ ತಕ್ಕಡಿಗೆ ಮಾಲಿನ ಬುಟ್ಟಿ ತೂಗುಹಾಕಿದೆವು: ಹದಿನೈದು ಕಿಲೋ. ಮೂರನೆಯ ಮಹಡಿಯಿಂದ ದಾರ ಇಳಿಬಿಟ್ಟು ಅಳೆದೆವು: ಒಂಬತ್ತು ಮೀಟರು. ಮೆಟ್ಟಿಲ ಮೇಲೆ ಕುಳಿತು ರೇಣುಕಾ ತಾಯಿಯ ಒಂದೊಂದು ಏರಿಕೆಗೂ ಒಂದು ಗೆರೆ ಎಳೆಯುತ್ತ ಹೋದಳು. ಮೊದಲು ಬೇಜಾರಿನಿಂದ ಎಳೆಯುತ್ತಿದ್ದವಳು ಹತ್ತನೆಯ ಗೆರೆಯ ಹೊತ್ತಿಗೆ ತಲೆ ಎತ್ತಿ ತಾಯಿಯ ಪಾದಗಳನ್ನೇ ನೋಡತೊಡಗಿದಳು. ದಿನಕ್ಕೆ ಎಷ್ಟಾಗುತ್ತದೆ ಎಂದು ಭಾಗಮ್ಮನನ್ನೇ ಕೇಳಿದೆವು. “ಯಾರು ಎಣಸ್ಯಾರ? ಮೂರು ಇಪ್ಪತ್ತು ಆಗಬಹುದು” ಎಂದಳು, ನಿಲ್ಲದೆ. ಅಂದರೆ ಅರವತ್ತು ಸಲ.

ಶನಿವಾರ ಅವಳು ಬಂದು ಕೊನೆಯ ಬೆಂಚಿನಲ್ಲಿ ಕುಳಿತಳು. ದೇಸಾಯಿ ಸರ್ ಬಾಗಿಲಲ್ಲಿ ನಿಂತರು. ನಾನು ಮಕ್ಕಳಿಗೆ ಹೇಳಿದೆ: “ಕೆಲಸ ಎಂಬ ಮಾತು ನಿಮ್ಮ ಅವ್ವಂದಿರದು. ವಿಜ್ಞಾನದವರು ಆಮೇಲೆ ಬಂದು ಅದೇ ಮಾತು ಎತ್ತಿಕೊಂಡು ಸಣ್ಣದೊಂದು ಅರ್ಥ ಕೊಟ್ಟಿದ್ದಾರೆ. ಅವರು ನೋಡುವುದು ಬುಟ್ಟಿಯನ್ನು ಮಾತ್ರ. ಸಪಾಟು ನೆಲದ ಮೇಲೆ ಬುಟ್ಟಿ ಎತ್ತರಕ್ಕೆ ಹೋಗಲಿಲ್ಲ, ಅದಕ್ಕೆ ಏನೂ ಸಿಗಲಿಲ್ಲ, ಆದ್ದರಿಂದ ಬುಟ್ಟಿಯ ಪಾಲಿಗೆ ಸೊನ್ನೆ. ಹೊತ್ತವಳ ಕತ್ತು, ಬೆನ್ನು ಉರಿದದ್ದು ಸೊನ್ನೆಯಲ್ಲ. ಇದನ್ನು ನಾನು ಅವತ್ತು ಹೇಳಲಿಲ್ಲ. ತಪ್ಪು ನನ್ನದು.”

ಇಷ್ಟು ಹೇಳಿದ ಮೇಲೆ ರೇಣುಕಾಳನ್ನು ಹಲಗೆಗೆ ಕರೆದೆ. ಈಗ ಬುಟ್ಟಿ ಮೆಟ್ಟಿಲು ಏರಲಿ. ಹದಿನೈದು ಕಿಲೋ, ಗುರುತ್ವಕ್ಕೆ ಹತ್ತು, ಎತ್ತರ ಒಂಬತ್ತು. ಒಂದು ಸಲಕ್ಕೆ ಸಾವಿರದ ಮುನ್ನೂರ ಐವತ್ತು ಜೂಲು. ಅರವತ್ತು ಸಲಕ್ಕೆ ಎಂಬತ್ತೊಂದು ಸಾವಿರ ಜೂಲು. ಜೂಲು ಎಂದರೆ ಕೆಲಸ ಅಳೆಯುವ ಮಾನ. ಅವಳು ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದಳು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಗೆದ್ದೆ ಎಂದುಕೊಂಡೆ.

ಭಾಗಮ್ಮ ಚಪ್ಪಾಳೆ ತಟ್ಟಿರಲಿಲ್ಲ. ಹಲಗೆಯನ್ನೇ ನೋಡುತ್ತಿದ್ದಳು.

“ಟೀಚರ್, ಇದು ಬುಟ್ಟೀದು ಹೌದಲ್ರಿ?”

“ಹೌದು.”

“ಬುಟ್ಟಿ ತಾನೇ ಏರತೈತೇನ್ರಿ? ಅದರ ಕೂಡ ನಾನೂ ಏರತೀನಲ್ಲ. ನನ್ನ ಮೈ ಯಾರು ಎತ್ತಿ ಒಯ್ತಾರ?”

ಎರಡು ದಿನ ಯೋಚಿಸಿ, ದಾರ ಇಳಿಬಿಟ್ಟು, ತಕ್ಕಡಿ ಹಿಡಿದು, ಎಲ್ಲವನ್ನೂ ಅಳೆದು ಬಂದವಳು ಏರಿದ ಹೆಂಗಸನ್ನೇ ಬಿಟ್ಟುಬಂದಿದ್ದೆ. ದೇಸಾಯಿ ಸರ್ ಬಾಗಿಲಿನಿಂದ ಮಾಯವಾದರು. ಮತ್ತೆ ಬಂದಾಗ ಆರೋಗ್ಯ ತಪಾಸಣೆಯ ತೂಕದ ಯಂತ್ರ ಅವರ ಎರಡೂ ಕೈಯಲ್ಲಿತ್ತು. ಇಸ್ತ್ರಿ ಕೆಟ್ಟಿತ್ತು.

ಭಾಗಮ್ಮ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತಳು. ರೇಣುಕಾ ಬಗ್ಗಿ ಮುಳ್ಳು ಓದಿದಳು. “ನಲವತ್ತೈದು.” ಒಂದು ಕ್ಷಣ ಅಲ್ಲೇ ಬಗ್ಗಿಯೇ ಇದ್ದಳು. “ಇಷ್ಟೇ ಏನವ್ವಾ?” ಎಂದಳು ಮೆಲ್ಲಗೆ.

ಆಮೇಲೆ ಎದ್ದು ಹೋಗಿ, ನಾನು ಹೇಳುವ ಮೊದಲೇ ಬರೆಯತೊಡಗಿದಳು. ನಲವತ್ತೈದು, ಹತ್ತು, ಒಂಬತ್ತು, ಅರವತ್ತು. ಎರಡು ಲಕ್ಷ ನಲವತ್ತಮೂರು ಸಾವಿರ. ಭಾಗಮ್ಮ ಬೆಂಚಿಗೆ ಹಿಂತಿರುಗದೆ ಹಲಗೆಯ ಹತ್ತಿರವೇ ಬಂದು ನಿಂತಿದ್ದಳು.

“ಇದರಾಗ ನಂದು ಯಾವುದು?”

ರೇಣುಕಾ ಬೆರಳಿಟ್ಟು ತೋರಿಸಿದಳು. “ಇದು ಮಾಲಿಂದು. ಇದು ನಿಂದು ಅವ್ವಾ.”

ಭಾಗಮ್ಮನಿಗೆ ಅಂಕೆ ಓದಲು ಬರುತ್ತಿರಲಿಲ್ಲ, ಎಷ್ಟು ಅಂಕೆ ಇವೆ ಎಂಬುದು ಕಾಣುತ್ತಿತ್ತು. ಒಂದೊಂದಾಗಿ ಎಣಿಸಿದಳು. “ಮಾಲಿಗಿಂತ ನಂದೇ ದೊಡ್ಡದೈತಲ್ಲ” ಎಂದಳು.

ದೇಸಾಯಿ ಸರ್ ಖಾನೆಯ ಬೀಗ ತೆಗೆದು ಆ ಅರ್ಜಿ ತಂದರು. “ಭಾಗಮ್ಮಾ, ಇದನ್ನ ಏನು ಮಾಡಲಿ? ಹರೀಲೇನು?” ಎಂದರು ಆಸೆಯಿಂದ.

“ಯಾಕ ಹರೀತೀರಿ? ಬರಸಾಕ ಅರ್ಧ ದಿನ ತಿರುಗೀನಿ” ಎಂದಳು ಭಾಗಮ್ಮ. “ಇಟ್ಟಿರ್ರಿ. ಹತ್ತನೇತ್ತ ಮುಗಿಸಿದ ಮ್ಯಾಲ ಕಾಲೇಜಿಗೆ ಹೋಗಾಕ ಟಿಸಿ ಬೇಕಾಗತೈತಲ್ಲ.”

ಅವರು ಇಟ್ಟರು. ಮುಂದಿನ ವರ್ಷ ರೇಣುಕಾ ಹತ್ತನೆಯ ತರಗತಿ ಮುಗಿಸಿದಾಗ, ತಾರೀಕು ಒಂದನ್ನು ತಿದ್ದಿ, ಅದೇ ಅರ್ಜಿಯ ಮೇಲೆ ಟಿಸಿ ಬರೆದುಕೊಟ್ಟರು.